ಆಕಾಶವಿಲ್ಲದ ಕೋಸ್ಟರಿಗೆ ಧಿಕ್ಕಾರ!

ಪಿಟ್ಸ್‌ಬರ್ಗಿನ ಉಕ್ಕಿನ ಕಾರ್ಖಾನೆಯ ಗೇಟಿನ ಮುಂದೆ ಹಿಮದಲ್ಲಿ ಕುಂಡೆ ಮರಗಟ್ಟುವವರೆಗೆ ಧರಣಿ ಕೂತವನು ನಾನು. ಪೊಲೀಸರ ಕುದುರೆ ನನ್ನ ಉಣ್ಣೆ ಟೋಪಿಯನ್ನು ಅರ್ಧ ತಿಂದಿದೆ. ಮೇಯರನ ಕಚೇರಿಯಿಂದ ನನ್ನನ್ನು ಕೈಕಾಲು ಹಿಡಿದು ಆಲೂಗಡ್ಡೆ ಮೂಟೆಯಂತೆ ಹೊರಗೆ ಒಗೆದಿದ್ದಾರೆ; ಗಾಳಿಯಲ್ಲಿ ತೇಲುವಾಗಲೂ ನಾನು ಘೋಷಣೆ ನಿಲ್ಲಿಸಿರಲಿಲ್ಲ. ಇಂಥ ಎಮಿಲ್ ವ್ರಾಬೆಲ್ ಯಕಶ್ಚಿತ್ ಒಂದು ತಗಡಿನ ಶೆಡ್ಡಿಗೆ ಸೋಲುತ್ತಾನೆಯೇ? ಎಂದಿಗೂ ಇಲ್ಲ! ಎಂದು ಕಳೆದ ಮಾರ್ಚಿನಲ್ಲಿ ಊಟದ ಮೇಜು ಗುದ್ದಿ ಸಾರಿದೆ. ಕಾಫಿ ಚೆಲ್ಲಿತು. ಒರೆಸಿದವಳು ನನ್ನ ಹೆಂಡತಿ ಬರ್ನಡೀನ್. ನನ್ನ ಎಲ್ಲ ಹೋರಾಟಗಳೂ ಶುರುವಾಗಿರುವುದು ಹೀಗೆಯೇ. ನಾನು ಗುದ್ದುವುದು, ಅವಳು ಒರೆಸುವುದು.

ಶೆಡ್ಡಿನ ಕತೆ ಏನೆಂದರೆ, ನದಿಯಾಚೆಯ ಹಿಕರಿ ಗ್ಲೆನ್ ಪಾರ್ಕಿನವರು ಹೊಸ ರೋಲರ್ ಕೋಸ್ಟರ್ ಕಟ್ಟಿದ್ದರು. ಬಯಲಿನಲ್ಲಲ್ಲ, ಒಳಗೆ! ಗೋದಾಮಿನಂಥ ಕಟ್ಟಡ, ಕಿಟಕಿಯಿಲ್ಲ, ಒಳಗೆಲ್ಲ ಕಗ್ಗತ್ತಲು, ಆ ಕತ್ತಲಲ್ಲಿ ಹಳಿ. ಹೋಗಲಿ ಎಂದರೆ ಒಳಗಿನ ಅಲಂಕಾರ ಯಾವುದು? ಉಕ್ಕಿನ ಕಾರ್ಖಾನೆಯದು! ಸುಳ್ಳು ಕುಲುಮೆ, ಸುಳ್ಳು ಕಿಡಿ, ಸುಳ್ಳು ಸೈರನ್. ಹೆಸರು ‘ನೈಟ್ ಶಿಫ್ಟ್’, ನಾನು ಕಾರ್ಖಾನೆಯಲ್ಲಿ ವರ್ಷಗಟ್ಟಲೆ ಸವೆಸಿದ ರಾತ್ರಿ ಪಾಳಿಯದೇ ಹೆಸರು!

"ಕೇಳಿದ್ಯೇನೇ ಬರ್ನಿ? ಸಂಬಳ ಕೊಟ್ಟು ನನ್ನನ್ನ ಕೂಡಿ ಹಾಕಿದ್ದ ಕತ್ತಲೆಗೆ ಈಗ ನಾನೇ ಟಿಕೆಟ್ ತಗೊಂಡು ಹೋಗ್ಬೇಕಂತೆ! ನಿಜವಾದ ಕಾರ್ಖಾನೆಗೆ ಬೀಗ ಜಡಿದ್ರು, ಸುಳ್ಳು ಕಾರ್ಖಾನೆ ಮುಂದೆ ಕ್ಯೂ ನಿಲ್ಲಿಸ್ತಾರೆ. ಥೂ!"

"ಹೋಗೋಣ, ಎಮಿಲ್," ಎಂದಳು ಬರ್ನಡೀನ್, ಒರೆಸುವ ಬಟ್ಟೆ ಹಿಂಡುತ್ತ.

"ಎಲ್ಲಿಗೆ? ಧರಣಿಗಾ?"

"ಧರಣಿಗಲ್ಲ, ಅದರಲ್ಲಿ ಕೂರೋದಕ್ಕೆ. ನಮ್ಮ ಕೋಸ್ಟರ್ ಕ್ಲಬ್ಬಿನವರಿಗೆ ಮೊದಲ ದಿನ ಬಿಡ್ತಾರಂತೆ. ಮನೆಗೆ ಎರಡು ಸೀಟು."

ನಾನು ನಕ್ಕುಬಿಟ್ಟೆ. ಈಗ ನೆನೆದರೆ ಆ ನಗುವನ್ನು ಹಿಡಿದು ನಾಲ್ಕು ಬಾರಿಸಬೇಕು ಅನಿಸುತ್ತದೆ. ಏಕೆಂದರೆ ಬರ್ನಡೀನ್ ಮದುವೆಯಾದ ಅಷ್ಟು ವರ್ಷಗಳಲ್ಲಿ ಇಂಥ ಕೋಸ್ಟರಿಗೆ ಹೋಗೋಣ ಎಂದು ಬಾಯಿಬಿಟ್ಟು ಕೇಳಿದ್ದು ಅದೇ ಮೊದಲು. ಕೋಸ್ಟರ್ ಹತ್ತಲು ನಾನು ಒಹಾಯೋಗೆ ಎಳೆದುಕೊಂಡು ಹೋದರೆ ಒಹಾಯೋಗೆ ಬಂದಳು, ಟೆನೆಸ್ಸಿಗೆ ಎಂದರೆ ಬ್ಯಾಗು ತುಂಬಿದಳು. ಮಧುಚಂದ್ರಕ್ಕೆ ಎಲ್ಲರೂ ನಯಾಗರಕ್ಕೆ ಹೋದರೆ ನಾನು ಅವಳನ್ನು ಮರದ ಕೋಸ್ಟರ್ ಮೇಲೆ ಕೂರಿಸಿದೆ, ಕೂತಳು. ನೆಲಮಾಳಿಗೆಗೆ ಇಳಿಯುವ ಮೆಟ್ಟಿಲ ಗೋಡೆಯ ಉದ್ದಕ್ಕೂ ನಮ್ಮ ಸವಾರಿಯ ಫೋಟೋಗಳಿವೆ. ಕೋಸ್ಟರ್ ಕೆಳಗೆ ಧುಮುಕುವಾಗ ಪಾರ್ಕಿನ ಕ್ಯಾಮೆರಾ ತಾನಾಗಿಯೇ ಹೊಡೆದು, ಹೊರಬರುವ ದಾರಿಯಲ್ಲಿ ಮಾರುತ್ತಾರಲ್ಲ, ಅವು. ಎಲ್ಲದರಲ್ಲೂ ನಾನು ಎರಡೂ ಕೈ ಎತ್ತಿ ಸಿಂಹದಂತೆ ಬಾಯಿ ತೆರೆದಿದ್ದೇನೆ. ಎಲ್ಲದರಲ್ಲೂ ಬರ್ನಡೀನಳ ಕಣ್ಣು ಮುಚ್ಚಿದೆ. ಮನೆಗೆ ಬಂದವರಿಗೆಲ್ಲ ನಾನು ಹೇಳುತ್ತಿದ್ದೆ: "ನನ್ನ ಹೆಂಡತಿಗೆ ಒಂದು ಕಾಯಿಲೆ. ಕ್ಯಾಮೆರಾ ಕಂಡ್ರೆ ಸರಿಯಾಗಿ ಅದೇ ಕ್ಷಣಕ್ಕೆ ರೆಪ್ಪೆ ಬಡೀತಾಳೆ!" ಬಂದವರು ನಗುತ್ತಿದ್ದರು. ಬರ್ನಡೀನ್ ಅವರಿಗೆ ಕೇಕು ಕೊಡುತ್ತಿದ್ದಳು.

"ಆಕಾಶ ಇಲ್ಲದ ಕೋಸ್ಟರು ಕೋಸ್ಟರೇ ಅಲ್ಲ, ಅದು ಚರಂಡಿ ಪೈಪು!" ಎಂದು ತೀರ್ಪು ಕೊಟ್ಟು, ಗ್ಯಾರೇಜಿಗೆ ಹೋಗಿ ಹಳೆಯ ಮುಷ್ಕರದ ಫಲಕ ಹುಡುಕಿ, ಅದರ ಬೆನ್ನಿಗೆ ಇದೇ ಮಾತನ್ನು ಕೆಂಪು ಬಣ್ಣದಲ್ಲಿ ಬರೆದೆ.

ಶನಿವಾರ ನಮ್ಮ ಮನೆಯಲ್ಲಿ ಕ್ಲಬ್ಬಿನ ಸಭೆ. ಕೋಸ್ಟರ್ ಭಕ್ತರನ್ನು ನೀವು ನೋಡಿಲ್ಲವಾದರೆ ಪುಣ್ಯವಂತರು. ಒಬ್ಬೊಬ್ಬನೂ ತಾನು ಏರಿದ ಕೋಸ್ಟರುಗಳ ಲೆಕ್ಕ ಇಟ್ಟಿರುತ್ತಾನೆ. ಹೆಂಡತಿಯ ಹುಟ್ಟಿದಹಬ್ಬ ಮರೆತಾನು, ಈ ಲೆಕ್ಕ ಮರೆಯಲಾರ. ಯಾವುದು ಲೆಕ್ಕಕ್ಕೆ ಸೇರುತ್ತದೆ, ಯಾವುದು ಸೇರುವುದಿಲ್ಲ ಎನ್ನುವುದಕ್ಕೆ ಶಾಸ್ತ್ರವಿದೆ. ಶಾಸ್ತ್ರಕ್ಕೆ ಒಬ್ಬಳು ಪೀಠಾಧಿಪತಿ ಇದ್ದಾಳೆ, ಕಾರ್ಯದರ್ಶಿ ಟ್ರೂಡಿ. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದವಳು.

ನನ್ನ ಪರಮ ವಿರೋಧಿ ಲೋವೆಲ್. ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದ, ಇಸ್ತ್ರಿ ಮಾಡಿದ ಪ್ಯಾಂಟಿನ ಆಸಾಮಿ. ನಾನು ಅವನನ್ನು ಮೇಷ್ಟ್ರೇ ಎನ್ನುತ್ತೇನೆ, ಅವನು ನನ್ನನ್ನು ಕಾಮ್ರೇಡ್ ಎನ್ನುತ್ತಾನೆ. ಎರಡೂ ಬೈಗುಳವೇ.

"ಕಾಮ್ರೇಡ್, ವಿನ್ಯಾಸ ಅಂದ್ರೆ ಬರೀ ಎತ್ತರ ಅಲ್ಲ," ಎಂದು ಲೋವೆಲ್ ಶುರುಮಾಡಿದ. "ಬಯಲಲ್ಲಿ ಮುಂದಿನ ಇಳಿಜಾರು ಕಾಣುತ್ತೆ, ಮೈ ಮೊದಲೇ ಬಿಗಿಯಾಗುತ್ತೆ. ಕತ್ತಲಲ್ಲಿ ಮೈಗೆ ಸುಳಿವೇ ಸಿಗಲ್ಲ. ಸಣ್ಣ ತಿರುವೂ ಕಪಾಳಕ್ಕೆ ಹೊಡೆದ ಹಾಗಿರುತ್ತೆ. ಒಂದಾಳು ಎತ್ತರ ಇಳಿದ್ರೆ ಪಾತಾಳಕ್ಕೆ ಬಿದ್ದ ಹಾಗಾಗುತ್ತೆ. ಕಡಿಮೆ ಜಾಗ, ಹೆಚ್ಚು ಮಜಾ!"

"ಕಡಿಮೆ ಖರ್ಚು, ಹೆಚ್ಚು ಲಾಭ ಅನ್ನು! ಪಾರ್ಕಿನ ಧಣಿಗಳ ಬಾಯಲ್ಲಿ ಬರೋ ಮಾತು ಅದು!" ಎಂದು ನಾನು ಎದ್ದು ನಿಂತೆ. ನಿಂತರೆ ನನಗೆ ಭಾಷಣ ತಾನಾಗಿ ಬರುತ್ತದೆ. "ಸಂಗಾತಿಗಳೇ! ಭಯ ಇರೋದು ಕಣ್ಣಲ್ಲಿ! ಸರಪಳಿ ಕಟಕಟ ಅಂತ ಮೇಲೆ ಎಳೆಯುವಾಗ ಕೆಳಗೆ ಮರ ಚಿಕ್ಕದಾಗೋದು ಕಾಣಬೇಕು, ಜನ ಇರುವೆಯಾಗೋದು ಕಾಣಬೇಕು, ಆಮೇಲೆ ಮುಂದೆ ಹಳಿಯೇ ಇಲ್ಲವೇನೋ ಅನ್ನೋ ಹಾಗೆ ಕಾಣಬೇಕು! ಕಣ್ಣು ಕಟ್ಟಿದ್ರೆ ಭಯ ಎಲ್ಲಿಂದ ಬರುತ್ತೆ?"

ಆಲೂಗಡ್ಡೆ ಚಿಪ್ಸಿನ ಬೋಗುಣಿ ಹಿಡಿದು ಅಡುಗೆಮನೆಯಿಂದ ಬರುತ್ತಿದ್ದ ಬರ್ನಡೀನ್ ನಿಂತಳು.

"ಅದು ನಿಜ," ಎಂದಳು. "ಭಯ ಇರೋದು ಕಣ್ಣಲ್ಲೇ."

"ಕೇಳಿಸ್ಕೊಳ್ಳಿ!" ಎಂದು ನಾನು ಗೆದ್ದವನಂತೆ ಕೂಗಿದೆ. "ಸ್ವಂತ ಹೆಂಡತಿಯೇ ನನ್ನ ಪರ!"

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಮತ್ತೆ ಬೋಗುಣಿಯನ್ನು ಲೋವೆಲ್‌ನ ಮುಂದೆ ಇಟ್ಟು ಒಳಗೆ ಹೋದಳು.

"ಬಾಯಿಮಾತು ಯಾಕೆ? ಪ್ರಯೋಗ ಮಾಡಿ ನೋಡೋಣ," ಎಂದ ಲೋವೆಲ್. ಮೇಷ್ಟ್ರುಗಳ ಹಣೆಬರಹವೇ ಇಷ್ಟು. "ಕತ್ತಲಲ್ಲಿ ಒಂದು ಪುಟ್ಟ ಕೋಸ್ಟರ್. ನೀನು ಕೂರು. ನೀನು ಕಿರುಚದೆ ಇದ್ರೆ ಇಡೀ ಕ್ಲಬ್ಬು ನಿನ್ನ ಜೊತೆ ಧರಣಿಗೆ ಬರುತ್ತೆ. ಕಿರುಚಿದ್ರೆ ನೀನು ಫಲಕ ಕೆಳಗಿಟ್ಟು, ಬರ್ನಡೀನ್ ಜೊತೆ ನೈಟ್ ಶಿಫ್ಟ್ ಹತ್ತಬೇಕು. ಒಪ್ಪಿಗೆಯಾ?"

"ಒಪ್ಪಿಗೆ! ಎಲ್ಲಿ ಕಟ್ತೀಯಾ?"

"ನಿನ್ನ ನೆಲಮಾಳಿಗೆ ಮೆಟ್ಟಿಲು ನೆಟ್ಟಗಿದೆಯಲ್ಲ."

ಬರ್ನಡೀನ್ ಶುಕ್ರವಾರಗಳಂದು ಚರ್ಚಿನ ಹೆಂಗಸರ ಜೊತೆ ಪಿರೋಗಿ ಮಾಡಲು ಹೋಗುತ್ತಾಳೆ. ಆಲೂಗಡ್ಡೆ ಹೂರಣದ ಕಡುಬು. ಮಾರಿದ ದುಡ್ಡು ಚರ್ಚಿನ ಸೂರಿಗೆ. ಅವಳು ಅತ್ತ ಹೋದದ್ದೇ, ಕ್ರಾಂತಿಕಾರಿಗಳು ಇತ್ತ ನುಗ್ಗಿದರು. ಹಲಗೆ ಬಂತು, ಕಬ್ಬಿಣದ ಪೈಪು ಬಂತು, ಗಾಲಿ ಬಂತು. ಮೆಟ್ಟಿಲ ಮೇಲೆ ಜೋಡಿ ಹಳಿ ಹಾಸಿದೆವು. ಕೂರಲು ಆಸನ? ನಮ್ಮ ಬೀದಿಯಲ್ಲಿ ಕಾರು ನಿಲ್ಲಿಸುವ ಜಾಗಕ್ಕೆ ಒಂದು ಹಳೇ ಕುರ್ಚಿ ಇಟ್ಟರೆ ಆ ಜಾಗ ನಿಮ್ಮದು. ಇನ್ನೊಬ್ಬ ಅದನ್ನು ಮುಟ್ಟುವುದಿಲ್ಲ. ಪಿಟ್ಸ್‌ಬರ್ಗಿನಲ್ಲಿ ಜನ ಬೈಬಲನ್ನು ಮೀರಿಯಾರು, ಈ ಕುರ್ಚಿಯನ್ನು ಮೀರಲಾರರು. ಅಂಥ ಪವಿತ್ರ ಕುರ್ಚಿಯನ್ನು ಬೀದಿಯಿಂದ ಎತ್ತಿ ತಂದು ಗಾಲಿ ಕಟ್ಟಿದೆ! ಪಾಪ ಅಲ್ಲಿಂದಲೇ ಹತ್ತಿತು. ಗಾಲಿ ಸಲೀಸಾಗಿ ಓಡಲೆಂದು ಬರ್ನಡೀನ್ ಈಸ್ಟರಿನ ವಾಲ್‌ನಟ್ ರೊಟ್ಟಿಗೆಂದು ಎತ್ತಿಟ್ಟಿದ್ದ ಹಂದಿ ಕೊಬ್ಬನ್ನು ಡಬ್ಬಿಗಟ್ಟಲೆ ಬಳಿದೆ.

ಕೆಳಗೆ, ಹಳಿ ಮುಗಿಯುವಲ್ಲಿ ಗೋಡೆಗೆ ಹಳೇ ಹಾಸಿಗೆ ಒರಗಿಸಿದೆವು. ಅದೇ ನಮ್ಮ ಬ್ರೇಕು. ಮೊದಲ ಸುತ್ತು ದೀಪ ಹಾಕಿಕೊಂಡೇ ಇಳಿದೆ. ಜುಯ್ಯೆಂದು ಹೋಗಿ ಹಾಸಿಗೆಗೆ ಮೆತ್ತಗೆ ಗುದ್ದಿ ನಿಂತೆ. "ಇಷ್ಟೇನಾ? ನಮ್ಮಜ್ಜಿ ತೂಗುಕುರ್ಚಿ ಇದಕ್ಕಿಂತ ಜೋರಾಗಿತ್ತು!" ಎಂದೆ.

"ಈಗ ಕತ್ತಲು," ಎಂದ ಲೋವೆಲ್. "ಆದರೆ ದಾರಿ ನಿನಗೆ ಗೊತ್ತಾಗಿಹೋಯ್ತಲ್ಲ, ಅದು ಮೋಸ. ಕತ್ತಲ ಕೋಸ್ಟರಿನ ಜೀವಾಳವೇ ದಾರಿ ಗೊತ್ತಿಲ್ಲದಿರೋದು. ಕಣ್ಣಿಗೆ ಬಟ್ಟೆ ಕಟ್ಕೊಂಡು ಮೇಲೆ ಕೂರು. ನಾನು ಕೊನೇ ತುಂಡನ್ನ ಸ್ವಲ್ಪ ತಿರುಗಿಸಿಡ್ತೀನಿ."

"ತಿರುಗಿಸೋ ಮೇಷ್ಟ್ರೇ, ಬೇಕಾದ್ರೆ ಚೀನಾಕ್ಕೆ ತಿರುಗಿಸು!"

ಓದುಗ ಮಹಾಶಯರೇ, ಈಗ ನಮ್ಮ ನೆಲಮಾಳಿಗೆಯ ಕಮೋಡಿನ ಬಗ್ಗೆ ಒಂದು ಮಾತು. ಈ ಊರಿನ ಹಳೇ ಮನೆಗಳ ನೆಲಮಾಳಿಗೆಯಲ್ಲಿ ಒಂದು ಒಂಟಿ ಕಮೋಡು ಇರುತ್ತದೆ. ಸುತ್ತ ಗೋಡೆಯಿಲ್ಲ, ಬಾಗಿಲಿಲ್ಲ, ಮರೆಯಿಲ್ಲ. ನಡುಬಯಲಲ್ಲಿ ಸಿಂಹಾಸನದಂತೆ ಒಬ್ಬಂಟಿಯಾಗಿ ಕೂತಿರುತ್ತದೆ. ಕಾರ್ಖಾನೆಯಿಂದ ಮಸಿ ಬಳಿದುಕೊಂಡು ಬಂದವರು ಮೇಲೆ ಬಾರದೆ ಅಲ್ಲೇ ಮುಗಿಸಲಿ ಎಂದು ಹಿಂದಿನವರು ಇಟ್ಟದ್ದಂತೆ. ನಮ್ಮದು ಮೆಟ್ಟಿಲಿಳಿದರೆ ಎಡಕ್ಕೆ, ಅದರ ಹಿಂದೆಯೇ ಬರ್ನಡೀನಳ ಕಪಾಟು. ಅದರ ತುಂಬ ವಿನೆಗರಿನಲ್ಲಿ ಹಾಕಿಟ್ಟ ಖಾರ ಮೆಣಸಿನಕಾಯಿಯ ಗಾಜಿನ ಭರಣಿಗಳು.

ಲೋವೆಲ್ ಹಳಿಯನ್ನು ಎಡಕ್ಕೆ ತಿರುಗಿಸಿದ. ಹಾಸಿಗೆಯನ್ನು ತಿರುಗಿಸಲಿಲ್ಲ. ಅದನ್ನು ಟ್ರೂಡಿ ಸರಿಸುತ್ತಾಳೆ ಎಂದುಕೊಂಡನಂತೆ. ಟ್ರೂಡಿ ಮೆಟ್ಟಿಲ ಮೇಲೆ ನಿಂತು, ನಾನು ಕಿರುಚುತ್ತೇನೋ ಇಲ್ಲವೋ ಎಂದು ತೀರ್ಪು ಹೇಳಲು ಕಿವಿ ನೆಟ್ಟಗೆ ಮಾಡಿಕೊಂಡಿದ್ದಳು. ದೀಪ ಆರಿತು. ಯಾರೋ ತಳ್ಳಿದರು.

ಕತ್ತಲು, ಕೊಬ್ಬು, ನನ್ನ ತೂಕ. ಮೂರೂ ಸೇರಿ ಏನು ವೇಗ ಬಂತೋ! ಎದುರು ಏನೂ ಕಾಣದು. ಒಂದು ಮೆಟ್ಟಿಲಿನಷ್ಟು ಇಳಿದರೆ ಬಾವಿಗೆ ಬಿದ್ದಂತಾಯಿತು, ಎರಡು ಇಳಿದರೆ ಪ್ರಾಣ ನೆತ್ತಿಗೆ ಬಂತು. ನೆಟ್ಟಗೆ ಹೋಗಬೇಕಾದ ನಾನು ಇದ್ದಕ್ಕಿದ್ದಂತೆ ಎಡಕ್ಕೆ ಸೆಳೆಯಲ್ಪಟ್ಟೆ. ಪೊಲೀಸ್ ಲಾಠಿಗೆ ಬಾಯಿಬಿಡದ ಎಮಿಲ್ ವ್ರಾಬೆಲ್ ಇಡೀ ಬೀದಿಗೆ ಕೇಳುವಂತೆ ಬಾಯಿಬಿಟ್ಟ:

"ಅಮ್ಮೋ! ಸತ್ತೇ!"

ಆಮೇಲೆ ಕಮೋಡು.

ದೀಪ ಹತ್ತಿ, ಕಣ್ಣಿನ ಬಟ್ಟೆ ಕಿತ್ತಾಗ ಕಮೋಡು ಎರಡು ಹೋಳು. ಒಡೆದ ಪೈಪಿನಿಂದ ನೀರು ಕಾರಂಜಿಯಂತೆ ಸೂರು ಮುಟ್ಟುತ್ತಿತ್ತು. ಭರಣಿಗಳೆಲ್ಲ ಉರುಳಿ ಒಡೆದು, ಮೆಣಸಿನಕಾಯಿಗಳು ನನ್ನ ಸುತ್ತ ಕೆಂಪು ಮೀನಿನಂತೆ ಈಜುತ್ತಿದ್ದವು. ಕಣ್ಣಿಗೆ ಖಾರ, ಮೂಗಿಗೆ ವಿನೆಗರು. ಬಲಗಾಲಿನ ಹರಡು ಇರಬಾರದ ದಿಕ್ಕಿಗೆ ತಿರುಗಿತ್ತು.

ಬೇರೆ ಯಾವ ಮನುಷ್ಯರಾದರೂ ಬಿದ್ದವನನ್ನು ಎತ್ತುತ್ತಿದ್ದರು. ಇವರು ಕೋಸ್ಟರ್ ಭಕ್ತರು!

"ಟ್ರೂಡಿ, ಇದು ಲೆಕ್ಕಕ್ಕೆ ಸೇರುತ್ತಾ?" ಎಂದ ಲೋವೆಲ್. "ಹಳಿ ಇದೆ, ಗಾಲಿ ಇದೆ, ಬರೀ ತೂಕದಿಂದ ಓಡಿದೆ. ಎಮಿಲ್‌ಗೆ ಒಂದು ಕೋಸ್ಟರ್ ಹೆಚ್ಚಾದ ಹಾಗಲ್ವಾ?"

"ಹೊರಟ ಜಾಗಕ್ಕೆ ವಾಪಸ್ ಬರಲಿಲ್ಲವಲ್ಲ," ಎಂದಳು ಟ್ರೂಡಿ, ನೀರು ಚಪ್ಪಲಿ ದಾಟುತ್ತಿದ್ದರೂ ಗಲ್ಲಕ್ಕೆ ಬೆರಳಿಟ್ಟು.

"ವಾಪಸ್ ಬರಬೇಕು ಅಂತ ಯಾವ ನಿಯಮ? ಹಳೇ ಕಾಲದಲ್ಲಿ ಒಂದೇ ಕಡೆ ಓಡೋವೂ ಇದ್ವಲ್ಲ!"

ನಾನಾದರೂ ಸುಮ್ಮನಿದ್ದೆನೇ? ಮೆಣಸಿನಕಾಯಿ ಉಗುಳಿ, ನೀರಿನಲ್ಲಿ ಬಿದ್ದುಕೊಂಡೇ ಒಂದು ಬೆರಳೆತ್ತಿ ಕೂಗಿದೆ: "ಸೇರಲ್ಲ! ಬ್ರೇಕ್ ಇಲ್ಲದ್ದನ್ನ ಕೋಸ್ಟರ್ ಅನ್ನಲ್ಲ! ನನ್ನ ಲೆಕ್ಕ ಕೆಡಿಸಬೇಡಿ!"

ಆಗ ಮೇಲೆ ಅಡುಗೆಮನೆಯಲ್ಲಿ ಹೆಜ್ಜೆ ಸದ್ದಾಯಿತು. ಪಿರೋಗಿ ತಟ್ಟೆ ಹಿಡಿದ ಬರ್ನಡೀನ್ ಮೆಟ್ಟಿಲ ತಲೆಯಲ್ಲಿ ನಿಂತಿದ್ದಳು. ಅವಳು ಹಳಿ ನೋಡಿದಳು, ಕೊಬ್ಬಿನ ಖಾಲಿ ಡಬ್ಬಿಗಳನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ಯಾರಾದ್ರೂ ಸತ್ರಾ?"

"ಇನ್ನೂ ಇಲ್ಲ," ಎಂದಳು ಟ್ರೂಡಿ.

"ಹಾಗಾದ್ರೆ ಮೊದಲು ನೀರು ನಿಲ್ಲಿಸಿ. ಅವನು ಎಲ್ಲೂ ಹೋಗಲ್ಲ."

ಆಂಬುಲೆನ್ಸ್ ಬಂತು. ಕುರ್ಚಿ ಬೀದಿಯಲ್ಲಿ ಇರಲಿಲ್ಲವಲ್ಲ, ನಮ್ಮ ಮನೆ ಮುಂದಿನ ಜಾಗದಲ್ಲಿ ಯಾವನೋ ತನ್ನ ಲಾರಿ ನಿಲ್ಲಿಸಿಬಿಟ್ಟಿದ್ದ! ಆಂಬುಲೆನ್ಸನ್ನು ನಮ್ಮ ಬೀದಿ ಹತ್ತುವ ಗುಡ್ಡದ ಬುಡದಲ್ಲೇ ಬಿಟ್ಟು ಆಸ್ಪತ್ರೆಯವರು ಸ್ಟ್ರೆಚರು ಹೊತ್ತು ಬಂದರು. ಮೈಯೆಲ್ಲ ಹಂದಿ ಕೊಬ್ಬು, ತಲೆಯಲ್ಲಿ ಮೆಣಸಿನ ಬೀಜ. ಹೀಗೆ ಇಡೀ ಬೀದಿಯ ಮುಂದೆ ನನ್ನ ಮೆರವಣಿಗೆ ಹೊರಟಿತು. ಜೀವಮಾನದಲ್ಲಿ ಎಷ್ಟೋ ಮೆರವಣಿಗೆ ಮಾಡಿದ್ದೇನೆ. ಇಷ್ಟು ಜನ ಸೇರಿದ್ದು ಇದಕ್ಕೇ.

ಆಸ್ಪತ್ರೆಯಲ್ಲಿ ಹರಡಿಗೆ ಪ್ಲಾಸ್ಟರು ಬಿತ್ತು. ಮಾತು ಮಾತೇ, ಫಲಕ ಕೆಳಗಿಟ್ಟೆ. ಬರ್ನಡೀನಳ ಜೊತೆ ನೈಟ್ ಶಿಫ್ಟ್ ಹತ್ತಲು ಸಿದ್ಧನಾದೆ. ಆದರೆ ಪ್ಲಾಸ್ಟರು ಹಾಕಿದ ಕಾಲಿಗೆ ಕೋಸ್ಟರಿನಲ್ಲಿ ಜಾಗವಿಲ್ಲ. ಮೊದಲ ದಿನ ಶೆಡ್ಡಿನ ಬಾಗಿಲಲ್ಲಿದ್ದ ಹುಡುಗಿ ನನ್ನ ಗಾಲಿಕುರ್ಚಿ ನೋಡಿ, "ಕ್ಷಮಿಸಿ ಸರ್, ನೀವು ಅಲ್ಲಿ ಬೆಂಚಿನ ಹತ್ರ ಇರಿ," ಎಂದಳು.

ಬೆಂಚು! ಪ್ರತಿ ಕೋಸ್ಟರಿನ ಮುಂದೆಯೂ ಒಂದು ಬೆಂಚಿರುತ್ತದೆ. ಹತ್ತಲು ಹೆದರುವ ಅತ್ತೆ, ನಾದಿನಿ, ತಲೆಸುತ್ತಿನ ಚಿಕ್ಕಪ್ಪ, ಇವರೆಲ್ಲ ಹತ್ತಿದವರ ಬ್ಯಾಗು, ಟೋಪಿ, ಕನ್ನಡಕ ಹಿಡಿದು ಕೂರುವ ಜಾಗ. ಆ ಬೆಂಚಿನವರನ್ನು ನಾನು ಅಂದದ್ದು ಒಂದೆರಡಲ್ಲ. "ಮುಷ್ಕರ ಮುರಿಯೋ ಹೇಡಿಗಳ ಜಾತಿ ಇದು! ಬದುಕನ್ನೆಲ್ಲ ಕೆಳಗೇ ಕೂತು ಕಳೀತಾರೆ!" ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದೆ. ನನ್ನ ಸ್ವಂತ ತಂಗಿ ಒಮ್ಮೆ ಅತ್ತುಕೊಂಡು ಎದ್ದುಹೋಗಿದ್ದಳು.

"ಹಿಡ್ಕೋ," ಎಂದು ಬರ್ನಡೀನ್ ತನ್ನ ಬ್ಯಾಗು ನನ್ನ ತೊಡೆಯ ಮೇಲಿಟ್ಟಳು. ಟ್ರೂಡಿ ತನ್ನದನ್ನು ಇಟ್ಟಳು. ಲೋವೆಲ್ ತನ್ನ ಟೋಪಿಯನ್ನು ನನ್ನ ಪ್ಲಾಸ್ಟರಿನ ಹೆಬ್ಬೆರಳಿಗೆ ತಗುಲಿಸಿದ. ಖಾಲಿಯಾದ ನನ್ನ ಸೀಟಿನಲ್ಲಿ, ನನ್ನ ಹೆಂಡತಿಯ ಪಕ್ಕ ಕೂರುವವನು ಅವನೇ.

ನಾನು ಬ್ಯಾಗುಗಳನ್ನು ಹೊತ್ತ ಗೂಟದಂತೆ ಕೂತೆ. ತಗಡಿನ ಗೋಡೆಯ ಆಚೆ ಗಡಗಡ ಸದ್ದು, ಸೈರನ್ನು, ಆಮೇಲೆ ಕಿರುಚಾಟ. ಅದರಲ್ಲಿ ಒಂದು ಹೆಣ್ಣಿನ ಕೇಕೆ ಎಲ್ಲಕ್ಕಿಂತ ಮೇಲೆ ಕೇಳಿಸಿತು. ಯಾರಪ್ಪ ಈ ಗಟ್ಟಿಗಿತ್ತಿ ಎಂದುಕೊಂಡೆ.

ಬರ್ನಡೀನ್ ಹೊರಗೆ ಬಂದಾಗ ಕೂದಲು ಕಾಗೆಗೂಡು, ಕೆನ್ನೆ ಕೆಂಪು. ಓಡಿಕೊಂಡೇ ಬಂದಳು.

"ಎಮಿಲ್! ನಿನ್ನ ನೈಟ್ ಶಿಫ್ಟ್ ಅಂದ್ರೆ ಇದೇನಾ? ಅಷ್ಟು ವರ್ಷ ಮನೆಗೆ ಬಂದು ಗೊಣಗ್ತಿದ್ದದ್ದು ಇದಕ್ಕಾ? ಇಷ್ಟು ಮಜಾ ಇತ್ತು ಅಂತ ಒಂದು ದಿನವೂ ಹೇಳಲಿಲ್ವಲ್ಲೋ!"

ಅವಳು ಕೈಯಲ್ಲಿದ್ದ ಫೋಟೋ ತೋರಿಸಿದಳು. ಸುತ್ತ ಕತ್ತಲು, ಚಿಮ್ಮುವ ಸುಳ್ಳು ಕಿಡಿಗಳು. ಮುಂದಿನ ಸೀಟಿನಲ್ಲಿ ನನ್ನ ಹೆಂಡತಿ. ಎರಡೂ ಕೈ ಮೇಲೆ, ಬಾಯಿ ತುಂಬ ಕೇಕೆ. ಕಣ್ಣುಗಳು ಅರಳಿ, ಹಬ್ಬದಂಗಡಿಯ ಗಾಜಿನ ಗೋಲಿಗಳಂತೆ ಹೊಳೆಯುತ್ತಿದ್ದವು. ಪಕ್ಕದಲ್ಲಿ ಕಂಬಿಗೆ ಜೋತುಬಿದ್ದ ಲೋವೆಲ್ ಮೇಷ್ಟ್ರು.

"ಅರೆ! ಈ ಸಲ ರೆಪ್ಪೆ ಬಡಿದಿಲ್ಲ!" ಎಂದೆ.

"ಯಾವ ಸಲವೂ ಬಡಿದಿಲ್ಲ," ಎಂದಳು. "ಗಟ್ಟಿಯಾಗಿ ಮುಚ್ಚಿಕೊಂಡಿರ್ತಿದ್ದೆ. ಸರಪಳಿ ಕಟಕಟ ಅಂದ ಕೂಡಲೇ ಮುಚ್ಚಿದ್ರೆ, ಇಳಿಯೋ ತನಕ ತೆಗೀತಿರಲಿಲ್ಲ. ನನಗೆ ಎತ್ತರ ಅಂದ್ರೆ ಭಯ, ಎಮಿಲ್. ಮೊದಲಿಂದಲೂ."

"ಎಲ್ಲದರಲ್ಲೂ?"

"ಎಲ್ಲದರಲ್ಲೂ. ಮಧುಚಂದ್ರದ್ದೂ ಸೇರಿಸಿ."

"ಮತ್ತೆ ಯಾಕೆ ಹತ್ತುತ್ತಿದ್ದೆ ಮಾರಾಯ್ತಿ? ಬೆಂಚಿನ ಮೇಲೆ ಕೂತಿರಬಹುದಿತ್ತಲ್ಲ!"

ಬರ್ನಡೀನ್ ಬಗ್ಗಿ ನನ್ನ ತೊಡೆಯ ಮೇಲಿಂದ ತನ್ನ ಬ್ಯಾಗು ತೆಗೆದುಕೊಂಡಳು.

"ಬೆಂಚಿನವರನ್ನ ನೀನು ಏನಂತಿದ್ದೆ, ನೆನಪಿದೆಯಾ?"

ಮೇಯರನ ಮುಂದೆ, ನ್ಯಾಯಾಧೀಶನ ಮುಂದೆ, ಕುದುರೆಯ ಮುಂದೆ ಬಗ್ಗದ ನಾನು ಅಲ್ಲಿ ಬಗ್ಗಿ, ಹೆಬ್ಬೆರಳಿಗೆ ತಗುಲಿಸಿದ್ದ ಲೋವೆಲ್‌ನ ಟೋಪಿಯ ಧೂಳು ಕೊಡವತೊಡಗಿದೆ.

"ಈ ಶೆಡ್ಡಲ್ಲಿ ಎತ್ತರ ಕಾಣೋದೇ ಇಲ್ಲ ಅಂತ ಕೇಳಿದ್ದೆ," ಎಂದಳು. "ಒಂದು ಸಲ ನಿನ್ನ ಪಕ್ಕ ಕಣ್ಣು ಬಿಟ್ಟು ಕೂರೋಣ, ನೀನು ಅಷ್ಟು ಯಾಕೆ ಕುಣೀತೀಯ ನೋಡೋಣ ಅಂತಿತ್ತು. ಕಣ್ಣು ಬಿಟ್ಟೆ." ಅವಳು ನಿಟ್ಟುಸಿರಿಟ್ಟಳು. "ಪಕ್ಕದಲ್ಲಿ ಲೋವೆಲ್!"

ಪ್ಲಾಸ್ಟರು ತೆಗೆಯಲಿ, ಮತ್ತೆ ಬರೋಣ, ನಿನಗೆ ಎಷ್ಟು ಸಲ ಬೇಕೋ ಅಷ್ಟು ಸಲ ಹತ್ತೋಣ ಎಂದೆ. ನನ್ನ ದನಿ ನನಗೇ ಅರ್ಜಿ ಓದಿದಂತೆ ಕೇಳಿಸಿತು.

"ನೋಡೋಣ. ಮೊದಲು ಕಮೋಡು ಹಾಕ್ಸು."

ಹಾಕಿಸಿದೆ. ಅದೇ ಜಾಗ, ಅದೇ ನಡುಬಯಲು. ಕುಂಟು ಕಾಲಿನವನಿಗೆ ಮಹಡಿಯ ಬಚ್ಚಲಿಗೆ ಹತ್ತಲಾಗದೆಂದು ಬರ್ನಡೀನ್ ನಾನು ಮಲಗುವ ಜಾಗವನ್ನೂ ನೆಲಮಾಳಿಗೆಗೇ ಇಳಿಸಿದ್ದಾಳೆ. ಹಾಸಿಗೆ ಅದೇ ಹಳೇದು, ಬ್ರೇಕಾಗಬೇಕಿದ್ದದ್ದು. ಮೆಟ್ಟಿಲ ಗೋಡೆಯ ಫೋಟೋಗಳನ್ನೆಲ್ಲ ಕಳಚಿ, ಕಮೋಡಿನ ಎದುರು ಗೋಡೆಗೆ ಒಂದೂ ಬಿಡದೆ ಸಾಲಾಗಿ ಹೊಡೆದಿದ್ದಾಳೆ. ಕಣ್ಣು ಮುಚ್ಚಿದವು ಸುತ್ತಲೂ, ಕಣ್ಣು ಬಿಟ್ಟದ್ದು ನಟ್ಟನಡುವೆ, ಲೋವೆಲ್ ಸಮೇತ.

ದಿನಾ ಬೆಳಿಗ್ಗೆ ಅಲ್ಲಿ ಕೂರಲೇಬೇಕು. ಬಾಗಿಲಿಲ್ಲ, ಮರೆಯಿಲ್ಲ, ಧಿಕ್ಕಾರ ಕೂಗೋಣವೆಂದರೆ ಕೇಳುವವರಿಲ್ಲ. ಎದುರಿಗೆ ಅಷ್ಟೂ ಬರ್ನಡೀನರು.

ಈಗ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು ಕೂರುವವನು ನಾನು.